ಕತ್ತರಿಸದೆ ಬಿಟ್ಟ ಮಾತು

ಮಾರ್ಚ್ 4, ಸೋಮವಾರ. ಬೆಳಿಗ್ಗೆ

ಅಂಗಡಿ ತೆರೆದಾಯಿತು. ಇಸ್ತ್ರಿಪೆಟ್ಟಿಗೆ ಇನ್ನೂ ಬಿಸಿಯಾಗುತ್ತಿದೆ. ಟ್ರೈಪಾಡ್ ಎಂದಿನ ಜಾಗದಲ್ಲಿ, ಅಕ್ಕನ ಮಷಿನ್ನಿನ ಎಡಕ್ಕೆ. ಅದರ ಒಂದು ಕಾಲು ಕುಂಟು, ರಟ್ಟು ಮಡಚಿ ಕೊಟ್ಟಿದ್ದೇನೆ.

ಮೊದಲ ಗಿರಾಕಿ ಒಂದು ಕಪ್ಪು ಪ್ಯಾಂಟು. ಅಕ್ಕನ ಪ್ರಕಾರ ಗಿರಾಕಿ ಅಂದರೆ ಬಟ್ಟೆಯೇ. ತಂದವರು ಸುಮ್ಮನೆ ಅದರ ಜೊತೆ ಬಂದವರು. ಸೊಂಟದ ಹೊಲಿಗೆ ಬಿಚ್ಚುತ್ತಾ ಶುರು ಮಾಡಿದಳು — "ಏನಪ್ಪಾ, ಮೊನ್ನೆ ಮೊನ್ನೆ ತಾನೇ ಅಗಲ ಮಾಡಿಸ್ಕೊಂಡು ಹೋಗಿದ್ದೆ? ನಿನ್ನ ಯಜಮಾನ ಊಟದ ತಟ್ಟೆ ಬಿಟ್ಟು ಏಳೋದೇ ಇಲ್ವಾ? ಪಾಪ, ನೀನಾದ್ರೂ ಎಷ್ಟು ಅಂತ ತಡ್ಕೋತೀಯ." ರೆಕಾರ್ಡ್ ಆಯಿತು. ನನ್ನ ನಗುವೂ ಬಿದ್ದಿದೆ, ತೆಗೆಯಬೇಕು.

ಅಕ್ಕನಿಗೆ ಇದು ಮೊದಲಿನಿಂದ ಇರುವ ಚಾಳಿ. ಬಾಯಿ ಮುಚ್ಚಿಕೊಂಡು ಹೊಲಿದರೆ ಹೊಲಿಗೆ ಸೊಟ್ಟ ಹೋಗುತ್ತದಂತೆ. ನನ್ನ ಪೇಜಿಗೆ ಹಾಕುವ ವಿಡಿಯೋಗಳಲ್ಲಿ ಶುರುವಿನಲ್ಲಿ ಅವಳ ಕೈ ಮಾತ್ರ ತೋರಿಸಿ ಹಿಂದೆ ಯಾವುದೋ ಮ್ಯೂಸಿಕ್ ಹಾಕುತ್ತಿದ್ದೆ. ಯಾರೂ ಮೂಸಿ ನೋಡಲಿಲ್ಲ. ಮಾತನ್ನೂ ಉಳಿಸಿ ಹಾಕಿದ ಮೇಲೆ ನೋಡಬೇಕು — ಬೀದಿಯ ತುದಿಯಲ್ಲಿ ರೆಡಿಮೇಡ್ ಮಳಿಗೆ ಬಂದು ನಮ್ಮ ಶಟರ್ ಎಳೆಯುವ ಮಾತಾಗಿತ್ತು, ಈಗ ಬಟ್ಟೆ ಇಡಲು ಜಾಗವಿಲ್ಲ. ಜನ ಬಸ್ಸು ಹಿಡಿದು ಬರುತ್ತಾರೆ. ಪಕ್ಕದ ಬೀಗ ರಿಪೇರಿಯವರು ಮೊನ್ನೆ ಕೇಳಿದರು: "ನಾನೂ ಬೀಗದ ಹತ್ರ ಮಾತಾಡಿದ್ರೆ ನಡೆಯುತ್ತಾ?"

ಅಕ್ಕನದು ಒಂದೇ ಷರತ್ತು. "ಕೈಯಲ್ಲಿ ಬಟ್ಟೆ ಇದ್ರೆ ನನ್ನ ಬಾಯಿಗೆ ಲಗಾಮಿಲ್ಲ. ಯಾರದಾದ್ರೂ ಮನೆ ವಿಷಯ ಬಂದ್ರೆ ನೀನು ತೆಗೆದುಬಿಡು. ಬಟ್ಟೆ ಕತ್ತರಿಸೋದು ನನ್ನ ಕೆಲಸ, ಮಾತು ಕತ್ತರಿಸೋದು ನಿಂದು."

ಹಾಕಿದ್ದನ್ನು ಅವಳು ಒಮ್ಮೆಯೂ ನೋಡಿಲ್ಲ. ನೀನು ನೋಡಿದ್ದೀಯಲ್ಲ, ಸಾಕು — ಎನ್ನುತ್ತಾಳೆ.


ಮಾರ್ಚ್ 13. ಮಧ್ಯಾಹ್ನ

ಮೂರು ವಿಡಿಯೋ ಸಾಲಾಗಿ ಮಕಾಡೆ ಮಲಗಿವೆ. ಪ್ಯಾಂಟು, ಪರದೆ, ಶಾಲೆಯ ಯೂನಿಫಾರ್ಮ್. ಜನಕ್ಕೆ ಬೇಜಾರಾಗಿರಬೇಕು. 'ಮೊದಲಿನ ಹಾಗಿಲ್ಲ' ಎಂದು ಒಬ್ಬ ಬರೆದಿದ್ದಾನೆ. ಅವನಿಗೇನು ಹೋಗುತ್ತೆ, ಬರೆಯುತ್ತಾನೆ. ಆದರೂ ಊಟ ಸೇರಲಿಲ್ಲ.

ಮನೆ ವಿಷಯ ಎಂದು ವಿಡಿಯೋಗಳಿಂದ ಕತ್ತರಿಸಿ ಇಟ್ಟಿರುವ ತುಂಡುಗಳನ್ನು ಕೂತು ಕೇಳಿದೆ. ಒಳ್ಳೆಯದೆಲ್ಲ ಅದರಲ್ಲೇ ಇದೆ. ಮದುವೆ ಮುರಿದವಳ ಬಿಳಿ ಗೌನಿಗೆ ಅಕ್ಕ ಹೇಳಿದ ಸಮಾಧಾನ... ಅಪ್ಪನ ಅಂಗಿಯನ್ನು ತನ್ನ ಅಳತೆಗೆ ಮಾಡಿಸಿಕೊಂಡವನ ಕಥೆ... ಕೇಳಬಾರದಿತ್ತು. ಅಳಿಸಬೇಕಿತ್ತು ಎಂದೋ. ಅಳಿಸಿಲ್ಲ.


ಮಾರ್ಚ್ 19, ಮಂಗಳವಾರ

ನಮ್ಮ ಹಳೆಯ ಗಿರಾಕಿ, ಲೈಬ್ರರಿ ಮೇಡಂ ಬಂದಿದ್ದರು. ಅದೇ ನೀಲಿ ಕೋಟು. ಮತ್ತೆ ಒಳಗೆ ಹಿಡಿಯಬೇಕು. ಹೋದ ಸಲ ಹಿಡಿದದ್ದೇ ಸಡಿಲ ಬಿದ್ದಿದೆ. ಗುಂಡಿಗಳೆಲ್ಲ ನೀಲಿ, ಕೊನೆಯದೊಂದು ಮಾತ್ರ ಕಿತ್ತಳೆ, ಸೊಟ್ಟಗೆ ಕೂತಿದೆ. ಮಗಳು ಪುಟ್ಟವಳಿದ್ದಾಗ ತಾನೇ ಹೊಲಿದು ಕೊಟ್ಟಳಂತೆ. ಅದನ್ನು ಮಾತ್ರ ಮುಟ್ಟಬಾರದು.

ಪರದೆಯ ಹಿಂದೆ ಅಳತೆ ತೆಗೆಯುವಾಗ ಅಕ್ಕನ ಹತ್ತಿರ ಮೆಲ್ಲಗೆ ಹೇಳುತ್ತಿದ್ದರು. ಇಸ್ತ್ರಿ ಮೇಜು ಅಲ್ಲೇ, ಕೇಳದೆ ಇರುತ್ತದೆಯೇ. ಕಾಯಿಲೆ ಮತ್ತೆ ಬಂದಿದೆ. ಮಗಳು ದೂರದ ಊರಲ್ಲಿ ನರ್ಸಿಂಗ್ ಓದುತ್ತಿದ್ದಾಳೆ, ಕೊನೆಯ ವರ್ಷ, ಏಪ್ರಿಲ್ ಮೊದಲ ವಾರ ಪರೀಕ್ಷೆ. "ಅದು ಮುಗೀಲಿ. ಆಮೇಲೆ ನಾನೇ ಹೇಳ್ತೀನಿ. ಈಗ ಗೊತ್ತಾದ್ರೆ ಎಲ್ಲಾ ಬಿಟ್ಟು ಓಡಿ ಬರ್ತಾಳೆ."

"ನನ್ನ ಹೊಟ್ಟೆಯಲ್ಲೇ ಇರುತ್ತೆ ಮೇಡಂ," ಅಂದಳು ಅಕ್ಕ.

ಅವರು ಹೋದ ಮೇಲೆ ಕೋಟನ್ನು ಮಡಿಲಲ್ಲಿ ಹಾಕಿಕೊಂಡು ಕೂತಳು. ಫೋನಿನಲ್ಲಿ ರೆಕಾರ್ಡಿಂಗ್ ಓಡುತ್ತಿತ್ತು.

"ಬಾ ಕಂದ. ನಿನ್ನ ಮೇಲೆ ಕೋಪ ಇಲ್ಲ. ನೀನು ದೊಡ್ಡದಾಗಿಲ್ಲ, ಅವರು ಕಡಿಮೆ ಆಗ್ತಿದ್ದಾರೆ. ಮಗಳು ರಜಕ್ಕೆ ಬಂದ್ರೆ ಮೊದಲು ತಬ್ಕೋತಾಳೆ, ಅಲ್ವಾ? ಕೈಗೆ ಬರೀ ಮೂಳೆ ಸಿಕ್ಕಿದ್ರೆ ಗೊತ್ತಾಗಿಬಿಡುತ್ತೆ. ಅದಕ್ಕೇ ಭುಜದ ಒಳಗೆ, ಬೆನ್ನಿಗೆ, ಸ್ವಲ್ಪ ಹತ್ತಿ ಇಡ್ತೀನಿ. ಪರೀಕ್ಷೆ ಮುಗಿಯೋವರೆಗೆ ನೀನು ದಪ್ಪಗಿರು. ಅವರ ಬದಲು ನೀನು ದಪ್ಪಗಿರು."

ಇಸ್ತ್ರಿ ಮಾಡುತ್ತಿದ್ದ ಅಂಗಿ ಸುಡುವುದರಲ್ಲಿತ್ತು. ಕಣ್ಣು ಒರೆಸಿಕೊಂಡೆ.


ಮಾರ್ಚ್ 20. ಬೆಳಿಗ್ಗೆ

ಹಾಕಿದೆ.

ಹೆಸರಿಲ್ಲ. ಮುಖವಿಲ್ಲ. ಬರೀ ಕೋಟು, ಅಕ್ಕನ ಕೈ, ಅವಳ ದನಿ. 'ಪರೀಕ್ಷೆ' ಅನ್ನುವ ಮಾತನ್ನಾದರೂ ತೆಗೆಯೋಣ ಎಂದುಕೊಂಡೆ, ತೆಗೆದರೆ ಉಳಿದದ್ದು ನಿಲ್ಲುವುದಿಲ್ಲ. ಜಗತ್ತಿನಲ್ಲಿ ನೀಲಿ ಕೋಟು ಎಷ್ಟಿಲ್ಲ.

ಸುಳ್ಳು ಯಾಕೆ, ಇಲ್ಲಿ ಓದುವವರು ಯಾರೂ ಇಲ್ಲ. ಇದು ಮನೆ ವಿಷಯ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹಾಕಿದೆ.


ಮಾರ್ಚ್ 22

ಇಂಥದ್ದು ಎಂದೂ ಆಗಿರಲಿಲ್ಲ. ಫೋನು ಕೈಯಲ್ಲಿ ಬಿಸಿಯಾಗುವಷ್ಟು. ಕೇಳಿರದ ಊರುಗಳಿಂದ ಬರೆಯುತ್ತಿದ್ದಾರೆ. 'ಅಮ್ಮನಿಗೆ ಫೋನ್ ಮಾಡಿ ಅತ್ತೆ', 'ಆ ಅಕ್ಕನ ಕಾಲಿಗೆ ಬೀಳಬೇಕು'... ಬೇರೆಯವರು ತಮ್ಮ ಪೇಜುಗಳಲ್ಲೂ ಹಾಕಿಕೊಂಡಿದ್ದಾರೆ. ನಿನ್ನೆ ಬೆಳಿಗ್ಗೆ ಹಿಗ್ಗಿ ಹೀರೇಕಾಯಿ ಆಗಿದ್ದೆ. ಸಂಜೆಯ ಹೊತ್ತಿಗೆ ಫೋನು ಮಗುಚಿ ಇಟ್ಟೆ.

ಒಬ್ಬಳು ಜಿಪ್ ಹಾಕಿಸಲು ಬಂದವಳು ಕೌಂಟರಿನಲ್ಲಿ ಕಣ್ಣು ತುಂಬಿಕೊಂಡು ಕೇಳಿದಳು — "ಆ ಕೋಟಿನವರು ಈಗ ಹೇಗಿದ್ದಾರೆ?"

"ಜಿಪ್ ನಾಳೆ ಸಿಗುತ್ತೆ!" ಎಂದು ಕಿರುಚಿದೆ. ಅವಳು ಬೆಚ್ಚಿಬಿದ್ದಳು. ಅಕ್ಕ ಮಷಿನ್ ನಿಲ್ಲಿಸಿ, "ಅವರಿಗೇನು ಕಿವಿ ಕೇಳಿಸಲ್ವಾ?" ಅಂದಳು.

ಈಗ ಕೌಂಟರ್ ಬಿಟ್ಟು ಅಲ್ಲಾಡುವುದಿಲ್ಲ. ಊಟಕ್ಕೂ ಅಲ್ಲೇ. ನನಗೆ ಜವಾಬ್ದಾರಿ ಬಂದಿದೆ ಎಂದು ಅಕ್ಕನಿಗೆ ಸಂತೋಷ.


ಮಾರ್ಚ್ 25

ಅಳಿಸಿದೆ. ನನ್ನ ಪೇಜಿನಿಂದ ಹೋಯಿತು. ಉಳಿದವರ ಪೇಜುಗಳಲ್ಲಿ ಇದ್ದೇ ಇದೆ. ತೆಗೆಯಿರಿ ಎಂದು ಬರೆದರೆ ಒಬ್ಬ ನಗುವ ಮುಖ ಕಳಿಸಿದ. ಒಬ್ಬ — ಬ್ರೋ, ನಿಮಗೇ ಪ್ರಚಾರ ಅಲ್ವಾ.

ಮೇಡಂ ಕೋಟು ತೆಗೆದುಕೊಂಡು ಹೋದರು. ಏನೂ ಗೊತ್ತಿಲ್ಲ ಅವರಿಗೆ. ಕನ್ನಡಿಯಲ್ಲಿ ಭುಜ ನೋಡಿಕೊಂಡು ನಕ್ಕರು. ನಾನು ಬಗ್ಗಿ, ಕೆಳಗೆ ಬಿದ್ದೇ ಇರದ ಅಳತೆ ಟೇಪನ್ನು ಹುಡುಕುತ್ತಿದ್ದೆ.


ಏಪ್ರಿಲ್ 3, ಬುಧವಾರ

ಮಗಳು ಬಂದಳು.

ಬೆಳಿಗ್ಗೆ, ಇನ್ನೂ ಕಸ ಗುಡಿಸುತ್ತಿದ್ದೆ. ಬೆನ್ನಿಗೆ ಪ್ರಯಾಣದ ಚೀಲ, ಕೈಯಲ್ಲಿ ನೀಲಿ ಕೋಟು. ಯಾರು ಅಂತ ಹೇಳಬೇಕಾಗಲೇ ಇಲ್ಲ, ಅಮ್ಮನದೇ ಮುಖ. ಕೌಂಟರಿನ ಮೇಲೆ ಕೋಟನ್ನು ಹಾಕಿದಳು. ಭುಜದ ಹೊಲಿಗೆ ಬಿಚ್ಚಿತ್ತು. ಹತ್ತಿ ಹೊರಗೆ.

"ಇದನ್ನ ತುಂಬಿಸಿದ್ದು ಯಾರು?"

ಅಕ್ಕ ಎದ್ದು ನಿಂತಳು. "ನಾನಮ್ಮ."

"ಊರಿಗೆಲ್ಲ ಗೊತ್ತು. ಹಾಸ್ಟೆಲ್‌ನಲ್ಲಿ ಎಲ್ಲರಿಗೂ ಗೊತ್ತು. ನಂಗೊಬ್ಬಳಿಗೆ ಗೊತ್ತಿರಲಿಲ್ಲ. ಇಲ್ಲಿಂದ ತಾನೇ ಹೊರಗೆ ಹೋಗಿದ್ದು?" ಕಿತ್ತಳೆ ಗುಂಡಿಯನ್ನು ಹಿಡಿದುಕೊಂಡು ನಿಂತಿದ್ದಳು. ಆಮೇಲೆ ಕೋಟು ಬಾಚಿಕೊಂಡು ಹೊರಟಳು. ಮೆಟ್ಟಿಲಲ್ಲಿ ಎಡವಿದಳು. ಹಿಡಿಯಲು ಹೋದೆ, ಕೈ ಕೊಡವಿದಳು.

ಇವತ್ತು ಅವಳಿಗೆ ಪರೀಕ್ಷೆ. ಇಲ್ಲಿದ್ದಾಳೆ.

ಅಕ್ಕ ಕೌಂಟರಿನ ಮೇಲೆ ಉದುರಿದ್ದ ಹತ್ತಿಯನ್ನು ಆಯ್ದುಕೊಂಡಳು. ನಂತರ ನನ್ನನ್ನು ನೋಡಿದಳು. "ವಿಡಿಯೋದಲ್ಲಿ ಹೋಯ್ತೇನೋ? ಮೇಡಂ ಮಾತೆಲ್ಲ ತೆಗೆದಿದ್ದೆ ತಾನೇ?"

"ತೆಗೆದಿದ್ದೆ ಅಕ್ಕ."

ನಾಲಿಗೆ ಒಂಚೂರೂ ತೊದಲಲಿಲ್ಲ. ಅದೇ ಈಗ ಹೆದರಿಕೆ ಆಗುತ್ತಿರುವುದು.

ನಂಬಿದಳು. ತಕ್ಷಣ ನಂಬಿದಳು! ಕುರ್ಚಿಯಲ್ಲಿ ಕೂತು ಹಣೆ ಹಿಡಿದುಕೊಂಡಳು. "ಹಾಗಾದ್ರೆ ನಾನೇ ಯಾರ ಹತ್ರನೋ ಬಾಯಿ ಬಿಟ್ಟಿದ್ದೀನಿ. ಇನ್ಯಾರು? ಬಟ್ಟೆ ಕೈಯಲ್ಲಿದ್ರೆ ನಂಗೆ ಪ್ರಜ್ಞೆ ಎಲ್ಲಿರುತ್ತೆ."


ಏಪ್ರಿಲ್ 6

ಅಂಗಡಿಯಲ್ಲಿ ಮಷಿನ್ ಸದ್ದು ಬಿಟ್ಟರೆ ಏನಿಲ್ಲ. ಅಕ್ಕ ತುಟಿ ಬಿಚ್ಚುತ್ತಿಲ್ಲ. ಬಟ್ಟೆ ಎತ್ತುತ್ತಾಳೆ, ಬಾಯಿ ತೆರೆಯುತ್ತಾಳೆ, ಮುಚ್ಚಿಕೊಳ್ಳುತ್ತಾಳೆ. ನಿನ್ನೆ ಒಂದು ಅಂಗಿಯ ತೋಳನ್ನು ತಲೆಕೆಳಗು ಜೋಡಿಸಿದಳು. ಬಿಚ್ಚಿದಳು. ಮತ್ತೆ ತಲೆಕೆಳಗು.

ಬೀಗ ರಿಪೇರಿಯವರು ಇಣುಕಿ ನೋಡಿದರು. "ಏನಕ್ಕ, ಇವತ್ತು ರೇಡಿಯೋ ಆಫಾ?"

ಅಕ್ಕ ನಗುವ ಪ್ರಯತ್ನ ಮಾಡಿದಳು.

ಟ್ರೈಪಾಡ್ ಮಡಚಿ ಅಟ್ಟಕ್ಕೆ ಹಾಕಿದೆ. ಯಾಕೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ. ...ಇಲ್ಲ. ಹೇಳುತ್ತಿರಲಿಲ್ಲ. ಅದಕ್ಕೂ ಏನೋ ಒಂದು ಹೊಸೆಯುತ್ತಿದ್ದೆ. ನನ್ನ ಯೋಗ್ಯತೆ ನನಗೆ ಗೊತ್ತಾಗುತ್ತಿದೆ.


ಏಪ್ರಿಲ್ 14, ಭಾನುವಾರ

ಹೇಳದೆ ಕೇಳದೆ ಅಕ್ಕ ಮೇಡಂ ಮನೆಗೆ ಹೋಗಿ ಬಂದಿದ್ದಾಳೆ. ಬಂದವಳೇ ನೀರು ಕುಡಿದಳು.

"ಕೈ ಮುಗಿದು ಕೇಳ್ಕೊಂಡೆ. ನಂದೇ ತಪ್ಪು ಅಂದೆ. ಎಲ್ಲಿ, ಯಾರ ಮುಂದೆ ಆಡಿದೆ ಅಂತ ನಂಗೇ ನೆನಪಿಲ್ಲ ಅಂದೆ."

"ಏನಂದ್ರು?"

"ನನ್ನ ಮುಖಾನೇ ನೋಡ್ತಾ ಇದ್ರು. ಆಮೇಲೆ, ನಿಮ್ಮ ತಮ್ಮ ಏನು ಹೇಳಿದ್ರು ಅಂತ ಕೇಳಿದ್ರು. ಅವನು ಪಾಪ, ಎಲ್ಲಾ ಕತ್ತರಿಸಿದ್ದ ಅಂದೆ."

ತಟ್ಟೆ ತೊಳೆಯುವ ನೆಪದಲ್ಲಿ ಎದ್ದು ಹೋದೆ. ನಲ್ಲಿ ಬಿಟ್ಟು ನಿಂತೆ.


ಏಪ್ರಿಲ್ 16. ಮಧ್ಯಾಹ್ನ

ಅಕ್ಕ ದಾರ ತರಲು ಹೋಗಿದ್ದಾಗ ಮೇಡಂ ಬಂದರು. ಕೋಟಿಲ್ಲದೆ. ಕೋಟಿಲ್ಲದೆ ಎಷ್ಟು ಸಣ್ಣ ಮನುಷ್ಯೆ. ಸ್ಟೂಲ್ ಎಳೆದು ಕೊಟ್ಟೆ, ಕೂರಲಿಲ್ಲ.

"ನಾನು ನೋಡಿದೆ ಅದನ್ನ. ಕಿತ್ತಳೆ ಗುಂಡಿ ನೋಡಿ ಗುರುತು ಹಿಡಿದ ಮಗಳೇ ತೋರಿಸಿದ್ಳು. ನಿಮ್ಮ ಅಕ್ಕನ ದನಿ, ಪೂರ್ತಿ."

ಮೇಡಂ, ನಾನು... ಎಂದೆ.

"ಅವಳಿಗೆ ಒಂದು ವರ್ಷ ಹೋಯ್ತು. ಇರಲಿ, ನನ್ನ ಹತ್ರ ಬಂದಿದ್ದಾಳೆ, ಅದೂ ಒಂದು ಲಾಭಾನೇ ಅಂದ್ಕೋತೀನಿ. ನಿಮ್ಮ ಅಕ್ಕ ನಮ್ಮ ಮನೆ ಬಾಗಿಲಲ್ಲಿ ನಿಂತು ಅತ್ತರು. ಮಾಡದೇ ಇರೋ ತಪ್ಪಿಗೆ. ನಾನು ಬಾಯಿ ಬಿಡಲಿಲ್ಲ. ನಾನು ಹೇಳಿದ್ರೆ ಅದು ಚಾಡಿ ಆಗುತ್ತೆ. ನೀವು ಹೇಳಿದ್ರೆ..." ಉಸಿರು ತೆಗೆದುಕೊಂಡರು. "ಬೇಗ ಹೇಳಿ. ಅವರು ತಮ್ಮ ಮೇಲೆ ತಾವೇ ನಂಬಿಕೆ ಕಳ್ಕೋತಿದ್ದಾರೆ."

ಬೈದಿದ್ದರೆ ಚೆನ್ನಾಗಿತ್ತು. ಕಪಾಳಕ್ಕೆ ಹೊಡೆದಿದ್ದರೆ ಇನ್ನೂ ಚೆನ್ನಾಗಿತ್ತು.

ಅಕ್ಕ ಬಂದಳು. ಹೇಳಲಿಲ್ಲ. ಊಟದ ಹೊತ್ತು ಆಗಿತ್ತು, ಹಸಿದಿದ್ದಳು, ಉಂಡ ಮೇಲೆ ಹೇಳೋಣ ಎಂದುಕೊಂಡೆ. ಉಂಡಳು. ಹೇಳಲಿಲ್ಲ.


ಏಪ್ರಿಲ್ 20, ಶನಿವಾರ. ಬೆಳಿಗ್ಗೆ

ಅಟ್ಟದಿಂದ ಟ್ರೈಪಾಡನ್ನು ಅಕ್ಕನೇ ಇಳಿಸಿದ್ದಾಳೆ. ತಲೆ ಬಾಚಿಕೊಂಡು, ಒಳ್ಳೆಯ ಬಟ್ಟೆ ಉಟ್ಟು, ಮಷಿನ್ನಿನ ಮುಂದೆ ಕೂತಿದ್ದಳು.

"ಇವತ್ತು ಕೈ ಬೇಡ. ಮುಖ ಕಾಣೋ ಹಾಗೆ ಹಿಡಿ."

ಯಾಕಕ್ಕ?

"ನಮ್ಮನ್ನ ನಂಬಿ ಜನ ಬಟ್ಟೆ ತರ್ತಾರೆ. ನಾನು ಎಂಥವಳು ಅಂತ ಗೊತ್ತಿರಲಿ. ಹಿಡಿಯೋ."

ಹಿಡಿದೆ. ಬೇಡ ಎನ್ನಬಹುದಿತ್ತು, ಆ ಕ್ಷಣ ಹೇಳಬಹುದಿತ್ತು — ಕೆಂಪು ಬಟನ್ ಒತ್ತಿದೆ.

ಮಡಿಲಲ್ಲಿ ಬಟ್ಟೆಯಿಲ್ಲದೆ ಅವಳಿಗೆ ಮಾತು ಬರುತ್ತಿರಲಿಲ್ಲ. ಸೆರಗನ್ನೇ ಹಿಡಿದುಕೊಂಡಳು. "ನಾನು ಬಾಯಿಬಡುಕಿ. ಒಬ್ಬರು ನಂಬಿ ಹೇಳಿದ ಮಾತನ್ನ ಎಲ್ಲೋ ಚೆಲ್ಲಿಬಿಟ್ಟೆ. ಒಂದು ಹುಡುಗಿಯ ಓದು ನಿಂತಿದೆ. ನನ್ನ ತಮ್ಮನ ಮೇಲೆ ಯಾರೂ ತಪ್ಪು ತಿಳೀಬೇಡಿ. ಅವನು ಹಾಕೋದನ್ನ ಹತ್ತು ಸಲ ನೋಡಿ ಹಾಕ್ತಾನೆ. ತಪ್ಪೆಲ್ಲ ನಂದು. ಇನ್ಮೇಲೆ ಬಟ್ಟೆ ಕೊಟ್ಟು ಸುಮ್ಮನೆ ಹೋಗಿ. ನನ್ನ ಹತ್ರ ಏನೂ ಹೇಳಬೇಡಿ."

ಅಷ್ಟೇ. ಎದ್ದು ಒಳಗೆ ಹೋದಳು. "ಈಗಲೇ ಹಾಕಿಬಿಡು," ಅಂದಳು.


ಅದೇ ದಿನ. ಬೆಳಿಗ್ಗೆ ಹತ್ತು ಗಂಟೆ

ಇಸ್ತ್ರಿ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಫೋನು ಪಕ್ಕದಲ್ಲಿದೆ. ವಿಡಿಯೋ ನೋಡಿದೆ. ಬೆಳಕು ಚೆನ್ನಾಗಿ ಬಿದ್ದಿದೆ. ಇದು ಓಡುತ್ತದೆ, ನೀಲಿ ಕೋಟಿನ ವಿಡಿಯೋಗಿಂತ ಜೋರಾಗಿ ಓಡುತ್ತದೆ — ಮೊದಲು ಅನ್ನಿಸಿದ್ದು ಅದೇ. ಥೂ. ಅಕ್ಕ ಅಳು ತಡೆದುಕೊಂಡು ಕೂತಿರುವುದನ್ನು ನೋಡಿ ನನಗೆ ಮೊದಲು ಅನ್ನಿಸಿದ್ದು ಅದು.

ಎರಡನೆಯದು ನಾಚಿಕೆ. ತಡವಾಗಿಯಾದರೂ ಬಂತು.

ಅಕ್ಕನಿಗೆ ನಿಜ ಹೇಳಲು ಹೊರಟಿದ್ದು ಮೇಡಂ ಹೇಳಿದರು ಅಂತಲ್ಲ. ಅಕ್ಕ ಇನ್ನು ಯಾವ ಬಟ್ಟೆಯ ಹತ್ತಿರವೂ ಮಾತಾಡುವುದಿಲ್ಲ, ಯಾರೂ ಅವಳ ಹತ್ತಿರ ಏನೂ ಹೇಳುವುದಿಲ್ಲ, ನಾನು ಮಾತ್ರ ಪಾಪದ ತಮ್ಮನಾಗಿ ಕೌಂಟರಿನಲ್ಲಿ ಕೂತಿರುತ್ತೇನೆ. ಅದನ್ನು ನೋಡಿಕೊಂಡು ಬದುಕಲು ನನ್ನಿಂದ ಆಗುವುದಿಲ್ಲ. ನನ್ನನ್ನು ಹೊರಗೆ ಹಾಕಲಿ. ಮುಖ ನೋಡದಿರಲಿ.

ಒಳಗಿನಿಂದ ಕೇಳುತ್ತಿದ್ದಾಳೆ — "ಹಾಕಿದೆಯೇನೋ?"

ಇಲ್ಲ ಅಂದೆ. ಜೋರಾಗಿಯೇ ಅಂದೆ. ಒಳಗೆ ಪಾತ್ರೆಯ ಸದ್ದು ನಿಂತಿತು. ಬರುತ್ತಿದ್ದಾಳೆ, ಚಪ್ಪಲಿ ಸದ್ದು ಕೇಳುತ್ತಿದೆ. ಅಕ್ಕ, ಕೂತ್ಕೋ. ಆ ಮಾತು ನಾನು ಕತ್ತರಿಸದೆ —