ರೇಟು ಬರೆಯುವ ಕೈ

ಮಾರ್ಚ್ 3, ಸಂಜೆ
ಇವತ್ತೂ ಚರ್ಮ ಅರ್ಧವೇ ಬಂತು. ಕತ್ತರಿಸಿದ್ದು ನಲವತ್ತು ಜೊತೆ ಗ್ಲೌಸ್. ಉಳಿದ ಹೊತ್ತು ನೊಣ ಹೊಡೆದೆ. ಫ್ಯಾಕ್ಟರಿ ಗೇಟಿನ ಎದುರು ಭಾವನ, ಅಂದರೆ ಅಕ್ಕನ ಗಂಡನ, ಅಂಗಡಿ — ಹೊರದೇಶದಿಂದ ಬಂದ ಹಣ ಬದಲಾಯಿಸಿ ಕೊಡುತ್ತಾರೆ. ಹಲಗೆಯ ಮೇಲೆ ಡಾಲರ್ ರೇಟು ಮತ್ತೆ ಇಳಿದಿದೆ.

ಮಾರ್ಚ್ 9
ಯಜಮಾನ ಎಲ್ಲರನ್ನೂ ನಿಲ್ಲಿಸಿ ಹೇಳಿದ. "ನಾನು ಮಾರೋದು ಡಾಲರಿಗೆ. ನಿಮಗೆ ಕೊಡೋದು ಇಲ್ಲಿನ ದುಡ್ಡು. ಹೊರದೇಶದಲ್ಲಿರೋ ನಿಮ್ಮೋರು ಡಾಲರ್ ಸುರಿದೂ ಸುರಿದೂ ಡಾಲರೇ ಅಗ್ಗ ಆಗೋಯ್ತು. ಬದಲಾಯಿಸಿದ್ರೆ ಕೈಗೆ ಬರೋ ದುಡ್ಡು ಕಮ್ಮಿ, ನನಗೆ ಗಿಟ್ಟಲ್ಲ."
ತಿಂಗಳ ಕೊನೆಗೆ ಬೀಗ. ಹನ್ನೊಂದು ವರ್ಷ ಇದೇ ಮೇಜು... ತಲೆಬುಡ ಅರ್ಥವಾಗಲಿಲ್ಲ. ಗ್ಲೌಸಿಗೆ ಇಸ್ತ್ರಿ ಹಾಕುವವನಿಗೆ ಅರ್ಥವಾಯಿತಂತೆ. ದನಿಯಿಂದಾಗಿ ಅವನನ್ನು ಗರಗಸ ಅನ್ನುತ್ತೇವೆ. "ದಿನಾ ರೇಟು ಬರೆಯೋನ್ಯಾರು? ಇಳಿಸ್ತಿರೋದೂ ಅವನೇ!"

ಮಾರ್ಚ್ 10
ಭಾವನನ್ನು ಕೇಳಿದೆ. ನಕ್ಕರು. "ಬ್ಯಾಂಕಿನೋರು ಹೇಳಿದ್ದು ಬರೀತೀನಿ ಕಣೋ. ಬೇಕಿದ್ರೆ ನಾಳೆ ನೀನೇ ಏರಿಸಿ ಬರಿ, ಆ ರೇಟಿಗೆ ದುಡ್ಡೂ ನೀನೇ ಕೊಡು."
ಆಮೇಲೆ — "ಕೆಲಸ ಹೋದ್ರೆ ಹೋಯ್ತು ಬಿಡು. ಹೊರದೇಶದಲ್ಲಿ ದುಡಿಯೋಕೆ ನಿಮ್ಮಕ್ಕ ಇಲ್ವಾ?"
ಪ್ರೀತಿಯಿಂದಲೇ ಅಂದರು. ಮೈಯೆಲ್ಲ ಉರಿದುಹೋಯಿತು. ಅಕ್ಕನ ಹಂಗಿನ ಅನ್ನ ನನಗೆ ಬೇಡ.

ಮಾರ್ಚ್ 31, ಮಧ್ಯಾಹ್ನ 3
ಬೀಗ ಬಿತ್ತು. ಮೂವತ್ತು ಜನ ರಸ್ತೆ ದಾಟಿದೆವು. ಸುಮ್ಮನೆ ನೋಡಲು ಹೋದೆ. ಸುಳ್ಳು. ಚರ್ಮ ಬಡಿಯುವ ಸುತ್ತಿಗೆ ಕೈಯಲ್ಲಿತ್ತು.
ಮೊದಲು ಗಾಜು. ಆಮೇಲೆ ಹಲಗೆ. ಕೌಂಟರಿನಡಿ ಮುದುರಿ ಕೂತಿದ್ದ ಭಾವನನ್ನು ಕೂದಲು ಹಿಡಿದು ಎಳೆದರು. ಗರಗಸ ಹೊಟ್ಟೆಗೆ ಒದ್ದ. ಬಾಯಲ್ಲಿ ರಕ್ತ. "ಬರೆಯೋ ಕೈ ಮುರೀರೋ!" ಭಾವ ನನ್ನ ಕಡೆಗೇ ಬಲಗೈ ಚಾಚಿದರು. ಬೀಸಿದೆ. ಮೂಳೆ ಲಟಕ್ಕೆಂದಿತು. ಇನ್ನೊಂದು ಸಲ ಬೀಸಿದೆ.
ಎರಡನೆಯದು ಹಿತವಾಗಿತ್ತು. ಬರೆದೇಬಿಟ್ಟೆ.

ಏಪ್ರಿಲ್ 6
ಅಂಗಿ ಸುಟ್ಟೆ.
ಬ್ಯಾಂಕಿನ ಮುಂದೆ ನೋಡಿದೆ. ರೇಟು ಇನ್ನೂ ಇಳಿದಿದೆ. ನಮ್ಮ ಕೆಲಸ ಹೋಯಿತೆಂದು ಹೊರದೇಶದಲ್ಲಿರುವ ನಮ್ಮವರೆಲ್ಲ ಜಾಸ್ತಿ ಕಳಿಸುತ್ತಿದ್ದಾರಂತೆ. ಗರಗಸನ ತಮ್ಮನೂ. ಥೂ.
ಅಕ್ಕನ ಫೋನು. ಅಳು. "ಆಸ್ಪತ್ರೆಗೆ ಎರಡರಷ್ಟು ಕಳಿಸ್ತೀನಿ. ಅವರ ಕೈ ಮುರಿದೋನು ಸಿಕ್ಕಿದ್ರೆ ಬಿಡಬೇಡ್ವೋ, ಕೊಂದುಹಾಕು."
ಹೂಂ ಅಂದೆ.

ಏಪ್ರಿಲ್ 14, ಸಂಜೆ
ಕೊನೆಗೂ ಆಸ್ಪತ್ರೆಗೆ ಹೋದೆ. ಭಾವನ ಬಲಗೈಯ ಎರಡು ಬೆರಳು ತೆಗೆದಿದ್ದಾರೆ. ಯಾರ ಮುಖವನ್ನೂ ನೋಡಲಿಲ್ಲ ಎಂದು ಭಾವ ಪೊಲೀಸರಿಗೆ ಹೇಳಿದರಂತೆ.
ನರ್ಸ್ ಆಚೆ ಹೋದ ಮೇಲೆ, ಗೋಡೆ ನೋಡುತ್ತ — "ಗುಂಪಲ್ಲಿ ನೀನು ಕಾಣಿಸ್ದೆ. ಸದ್ಯ, ನಮ್ಮೋನು ಬಂದ, ಬಿಡಿಸ್ಕೋತಾನೆ ಅನ್ಕೊಂಡೆ ಕಣೋ. ಅದಕ್ಕೇ ಕೈ ಚಾಚ್ದೆ."
ಅಕ್ಕನಿಗೆ ಫೋನ್ ಮಾಡಬೇಕು. ಇವತ್ತೇ. ಹೇಳಬೇಕು — ಅಕ್ಕಾ, ಕೈ ಮುರಿದೋನು ಸಿಕ್ಕಿದ, ಅವನು