ಈಜುಕೊಳದ ಮೇಲೆ ರಾಗಿ ಕಣ

ಬೈರಮ್ಮತ್ತೆಗೆ, ಹುಳಿಮಾವಿನಿಂದ ದಿವ್ಯ ತಲೆಬಾಗಿ ಬರೆಯುತ್ತಿರುವುದು.

ಹೋದ ಭಾನುವಾರ ಕಾರು ಹತ್ತುವಾಗ ನೀನು ನನ್ನ ಕೈ ಹಿಡಿದು, ಇಷ್ಟು ದಿನ ನಿಮ್ಮ ಮನೆಯಲ್ಲಿ ನನ್ನ ಬಗ್ಗೆ ಏನೇನು ಮಾತಾಡಿಕೊಂಡಿರಿ ಎಂದು ಕೇಳಿದೆ. ಅಪ್ಪ ಪಕ್ಕದಲ್ಲೇ ಇದ್ದ. ತಮ್ಮ ರಘು ಸ್ಟೇರಿಂಗ್ ಹಿಡಿದು ಮುಖ ಗಂಟಿಕ್ಕಿಕೊಂಡು ಕೂತಿದ್ದ. ನಾನು ಟ್ರಾಫಿಕ್ಕಿನ ಮಾತು ತೆಗೆದು ಜಾರಿಕೊಂಡೆ. ಫೋನಿನಲ್ಲಿ ಹೇಳೋಣವೆಂದರೆ ಗೋಡೆಯಾಚೆ ಅವನು ಇರುತ್ತಾನೆ. ಅದಕ್ಕೇ ಈ ಕಾಗದ. ಧೃತಿ ಓದಿ ಹೇಳಲಿ. ನಿನ್ನ ಮೊಮ್ಮಗಳಿಗೆ ಗೊತ್ತಿಲ್ಲದ ಗುಟ್ಟೇನೂ ಇದರಲ್ಲಿ ಇಲ್ಲ. ನನಗೆ ತಿಳಿಯದ್ದೂ ಅವಳಿಗೆ ತಿಳಿದಿರಬಹುದು ಎಂದು ನನ್ನ ಅನುಮಾನ.

ಎಲ್ಲ ಶುರುವಾದದ್ದು ನಗುವಿನಿಂದ. ನನ್ನ ಜೆರಾಕ್ಸ್ ಅಂಗಡಿಗೆ ಬರುವ ಕಾಲೇಜು ಹುಡುಗಿಯರು ಒಂದು ಫೋನಿಗೆ ಮುತ್ತಿಕೊಂಡು ನಗುತ್ತಿದ್ದರು. ಊರಿನ ಚಿತ್ರವಿಚಿತ್ರಗಳನ್ನೆಲ್ಲ ಹುಡುಕಿ ಹಾಕುವ ಒಂದು ಪೇಜು ಇದೆಯಂತೆ. ಜೆ.ಪಿ. ನಗರದಲ್ಲಿ ಯಾರೋ ಒಡೆದ ಕಮೋಡಿನಲ್ಲಿ ದಾಸವಾಳ ನೆಟ್ಟದ್ದು, ಬಿಟಿಎಂ ಲೇಔಟಿನಲ್ಲಿ ಲೈಟು ಕಂಬವನ್ನು ಒಳಗಿಟ್ಟುಕೊಂಡೇ ಬಾಲ್ಕನಿ ಕಟ್ಟಿದ್ದು, ‘ನಾಯಿಗಳಿಗೆ ಪ್ರವೇಶವಿಲ್ಲ’ ಎಂಬ ಬೋರ್ಡಿನ ಕೆಳಗೆ ಒಂದು ನಾಯಿ ಮಲಗಿ ಗೊರಕೆ ಹೊಡೆಯುವುದು, ಹೀಗೆ. ಅವತ್ತಿನ ಸರದಿ ನಮ್ಮ ಹುಳಿಮಾವಿನದು. ಫೋನಿನ ಮ್ಯಾಪಿನ ಚಿತ್ರ. ನಮ್ಮ ಹಳೆಯ ಹೊಲದಲ್ಲಿ ಎದ್ದಿರುವ ಅಪಾರ್ಟ್‌ಮೆಂಟಿನ ಈಜುಕೊಳದ ಮೇಲೆ ಒಂದು ಕೆಂಪು ಗುರುತು, ಅದರ ಪಕ್ಕ ‘ರಾಗಿ ಕಣ’ ಎಂಬ ಹೆಸರು. ಜಿಮ್ಮಿನ ಮೇಲೆ ‘ಎಮ್ಮೆ ಮೀಯಿಸೋ ಗುಂಡಿ’, ಹಗಲು ರಾತ್ರಿ ತೆರೆದಿರುತ್ತದೆ ಎಂದು ಬೇರೆ. ಅದರ ಕೆಳಗೆ ಯಾರೋ ಅಭಿಪ್ರಾಯ ಬರೆದಿದ್ದರು: ‘ಕೆಸರು ಜಾಸ್ತಿ. ಎಮ್ಮೆಗೆ ಇಷ್ಟ. ಐದು ಸ್ಟಾರ್.’ ಗೇಟಿನ ಹತ್ತಿರ ‘ಹಾವಿನ ಬದು’: ‘ಸಂಜೆ ಮೇಲೆ ಹುಷಾರು.’ ಊಟ ತಂದುಕೊಡುವ ಒಬ್ಬಾತ ಸೆಕ್ಯೂರಿಟಿಯವನ ಹತ್ತಿರ ಎಮ್ಮೆ ಗುಂಡಿಗೆ ದಾರಿ ಕೇಳುವ ವಿಡಿಯೊ ಕೂಡ ಇತ್ತು. ಹುಡುಗಿಯರ ಜೊತೆ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಆಮೇಲೆ ಬೇಸ್‌ಮೆಂಟ್ ಪಾರ್ಕಿಂಗಿನ ಮೇಲಿದ್ದ ಹೆಸರು ಕಣ್ಣಿಗೆ ಬಿತ್ತು. ‘ಕುಂಟಮ್ಮನ ಬಾವಿ.’ ನನ್ನ ನಗು ನಿಂತಿತು. ಆ ಹೆಸರು ನಮ್ಮ ಮನೆಯವರ ಬಾಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಪಹಣಿಯಲ್ಲೂ ಇರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಅಪ್ಪ, ರಘು ಇಬ್ಬರೂ ಇದ್ದಾಗ ತೋರಿಸಿದೆ. ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. ರಘು ತಟ್ಟೆ ಸರಿಸಿದ. ‘ಅಪ್ಪ, ಇದು ತಮಾಷೆ ಅಲ್ಲ. ನಾಳೆ ಕೋರ್ಟಲ್ಲಿ ತೋರ್ಸಕ್ಕೆ ಯಾರೋ ಇವತ್ತೇ ರೆಡಿ ಮಾಡ್ಕೊಳ್ತಾವ್ರೆ’ ಎಂದ.

ಆ ಮಾತು ಮನೆಯಲ್ಲಿ ಬಿದ್ದ ಮೇಲೆ ನಮಗೆ ಯಾರ ಮುಖವೂ ಮೊದಲಿನಂತೆ ಕಾಣಲಿಲ್ಲ. ಮೊದಲು ಹೊಲದ ವ್ಯಾಪಾರ ಮಾಡಿಸಿದ ಬ್ರೋಕರಿನ ಮೇಲೆ ಅನುಮಾನ. ಆಮೇಲೆ ಎರಡನೇ ಮಹಡಿಯ ಬಾಡಿಗೆಯವನ ಮೇಲೆ, ಯಾಕೆಂದರೆ ಅವನು ಸದಾ ಕಂಪ್ಯೂಟರಿನ ಮುಂದೆ ಇರುತ್ತಾನೆ. ಅಷ್ಟರಲ್ಲಿ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಶಶಿಧರ್ ಅವರೇ ಮನೆಗೆ ಬಂದರು. ಬಹಳ ಮರ್ಯಾದೆಯಿಂದ ಕಾಫಿ ಕುಡಿದು, ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ಈ ಜಾಗದ ಮೇಲೆ ತಕರಾರು ಇದೆಯೇ ಎಂದು ಕೇಳಿದರು. ಅಲ್ಲಿನವರೊಬ್ಬರು ಫ್ಲಾಟ್ ಮಾರಲು ಹೊರಟಿದ್ದರಂತೆ. ಕೊಳ್ಳುವವರ ವಕೀಲ ಮ್ಯಾಪಿನಲ್ಲಿ ಎಮ್ಮೆ ಗುಂಡಿ ನೋಡಿ, ಇದೇನೆಂದು ತಿಳಿಯುವ ತನಕ ಮುಂದುವರಿಯಬೇಡಿ ಅಂದನಂತೆ. ಅಪ್ಪ ಕೈಮುಗಿದು, ನಮ್ಮವರು ಅಂಥವರಲ್ಲ ಎಂದು ಹೇಳಿ ಕಳಿಸಿದ. ಬಾಗಿಲು ಹಾಕಿದ ಮೇಲೆ ನನ್ನ ಕಡೆ ತಿರುಗಿ, ನಿನ್ನ ಅಂಗಡಿಯಲ್ಲಿ ಕಂಪ್ಯೂಟರು ಇದೆಯಲ್ಲ ಎಂದು ಮೆಲ್ಲಗೆ ಕೇಳಿದ. ನನ್ನನ್ನೂ ಬಿಡಲಿಲ್ಲ ಅತ್ತೆ.

ನಿನ್ನ ಹೆಸರು ಬಂದದ್ದು ಅದಾದ ಮೇಲೆ. ಮ್ಯಾಪಿನಲ್ಲಿ ಹೊಸ ಗುರುತೊಂದು ಎದ್ದಿತ್ತು, ‘ಸೀಗೆ ಮೆಳೆ’ ಎಂದು. ಅದರ ಕೆಳಗೆ: ‘ಅವ್ವ ಇಲ್ಲಿ ಕೂರಿಸಿಕೊಂಡು ಹೇನು ತೆಗೆಯೋಳು. ನೆರಳು ಚೆನ್ನಾಗಿದೆ.’ ನಾನು ಜೋರಾಗಿ ಓದಿದೆ. ಅಪ್ಪ ‘ಅಕ್ಕ’ ಎಂದ, ಅಷ್ಟೇ. ಊಟ ಅರ್ಧಕ್ಕೆ ಬಿಟ್ಟು ಎದ್ದುಹೋದ.

ಆಮೇಲೆ ರಘು ಬಿಡಿಸಿ ಬಿಡಿಸಿ ಹೇಳಿದ. ಹೊಲ ಮಾರುವಾಗ ನೀನು ಒಂದು ಮಾತೂ ಆಡದೆ ಸೈನ್ ಹಾಕಿದ್ದು, ಅವತ್ತೇ ತನಗೆ ಸರಿ ಕಾಣಲಿಲ್ಲ ಎಂದ. ಹೆಣ್ಣುಮಕ್ಕಳ ಪಾಲಿನ ಕೇಸುಗಳು ವಸಂತಪುರದಲ್ಲಿ, ಉತ್ತರಹಳ್ಳಿಯಲ್ಲಿ ಎಷ್ಟೆಷ್ಟು ನಡೆಯುತ್ತಿವೆ ಎಂದು ಹೆಸರು ಹಿಡಿದು ಹೇಳಿದ. ಅಪ್ಪ ಗೌರಿ ಹಬ್ಬದ ಬಾಗಿನವನ್ನು ತಾನು ತರದೆ ರಘುವಿನ ಕೈಲಿ ಕಳಿಸುತ್ತಾ ಬಂದದ್ದಕ್ಕೆ ನೀನು ಒಳಗೊಳಗೇ ಹಲ್ಲು ಮಸೆಯುತ್ತಿದ್ದೀಯ ಎಂದೂ ಹೇಳಿದ. ನಾನು ಅಲ್ಲಗಳೆಯಲಿಲ್ಲ. ನನಗೂ ಹಾಗೇ ಅನ್ನಿಸಿತ್ತು.

ನನ್ನನ್ನು ವಸಂತಪುರಕ್ಕೆ ಕಳಿಸಿದ್ದು ಹೀಗೆ. ಅವರೆಕಾಯಿ ಚೀಲವೊಂದು ನೆಪ. ಫೋನಿನಲ್ಲಿ ರೆಕಾರ್ಡಿಂಗ್ ಹಾಕಿಕೊಂಡು ಹೋಗು ಎಂದದ್ದು ರಘು. ನಿನ್ನ ಗೇಟಿನ ಹೊರಗೆ ನಿಂತು ಅದನ್ನು ಒತ್ತಿ, ಒಳಗೆ ಬಂದು ಟೀಪಾಯಿಯ ಮೇಲೆ ಬೋರಲು ಇಟ್ಟೆ. ಒಳಗೆ ಕಂಡದ್ದೆಲ್ಲ ಅವತ್ತು ನನಗೆ ಸುಳಿವು. ಟಿವಿಯ ಮೇಲಿದ್ದ ಕಂದು ಫೈಲು ವಕೀಲರದ್ದೇ ಅನ್ನಿಸಿತು. ಧೃತಿ ನನ್ನನ್ನು ಕಂಡು ಲ್ಯಾಪ್‌ಟಾಪ್ ಮುಚ್ಚಿದ್ದು ಬೇಕೆಂದೇ ಅನ್ನಿಸಿತು. ನೀನು ಕಾಫಿಗೆ ಸಕ್ಕರೆ ಎಷ್ಟು ಎಂದು ಕೇಳಿದ್ದರಲ್ಲೂ ಏನೋ ಇದೆ ಅನ್ನಿಸಿತು.

ನಾನು ಹವೆ, ಮಂಡಿ ನೋವು, ಮೆಟ್ರೋ ಎಂದು ಸುತ್ತಿ ಬಳಸಿ ಬರುತ್ತಿದ್ದೆ. ನೀನು ಅವರೆಕಾಯಿ ಸುಲಿಯುತ್ತಾ ತಲೆ ಎತ್ತದೆ, ‘ಮ್ಯಾಪಿನ ವಿಷ್ಯಕ್ಕೆ ಬಂದ್ಯೇನವ್ವ’ ಎಂದೆ.

ಆಮೇಲೆ ನೀನೇ ಹೇಳಿದೆ. ಯುಗಾದಿ ಕಳೆದ ಮೇಲೆ ಒಂದು ದಿನ ನಿನಗೆ ಬಾವಿ ಇದ್ದ ಜಾಗ ನೋಡಬೇಕು ಅನ್ನಿಸಿತು. ಧೃತಿ ಆಟೋ ಕರೆಯಲು ಫೋನು ತೆಗೆದು, ಅಜ್ಜಿ, ಎಲ್ಲಿಗೆ ಅಂತ ನೀನೇ ಹೇಳು ಎಂದು ಬಾಯಿಗೆ ಹಿಡಿದಳು. ನೀನು ಕುಂಟಮ್ಮನ ಬಾವಿ ಎಂದೆ. ‘ಅವ್ಳು ಯಾವಳೋ ಫೋನಲ್ಲಿ ಕೂತ್ಕೊಂಡು, ಅಂಥ ಜಾಗ ಇಲ್ಲ ಅಂದ್ಲು ಕಣೆ. ಮದ್ವೆ ಆಗೋಗಂಟ ದಿನಾ ನೀರು ಸೇದಿದೀನಿ ಅಲ್ಲಿ. ಇಲ್ಲ ಅಂದ್ರೆ ಏನರ್ಥ?’ ಎಂದು ನನ್ನನ್ನೇ ಕೇಳಿದೆ. ಮುಚ್ಚಿದ್ದಾರೆ ಅಂದಿದ್ದರೆ, ಮಾರಿದ್ದಾರೆ ಅಂದಿದ್ದರೆ ಸುಮ್ಮನಿರುತ್ತಿದ್ದೆ, ಇಲ್ಲವೇ ಇಲ್ಲ ಅಂದದ್ದು ತಡೆಯಲಾಗಲಿಲ್ಲ ಎಂದೆ. ಧೃತಿ ಅಲ್ಲೇ ಕೂತು ಬಾವಿಯನ್ನು ಮ್ಯಾಪಿಗೆ ಸೇರಿಸಿದಳಂತೆ. ಯಾರೂ ಅದನ್ನು ಅಳಿಸಲಿಲ್ಲ. ಆಮೇಲೆ ನೀನು ನೆನಪಾದಾಗಲೆಲ್ಲ ಒಂದೊಂದು ಹೇಳುತ್ತಾ ಹೋದೆ, ಅವಳು ಕೂರಿಸುತ್ತಾ ಹೋದಳು. ಜನ ನಗುತ್ತಿರುವುದು ನಿನಗೆ ಗೊತ್ತಿತ್ತು. ನಗಲಿ, ಎಮ್ಮೆ ಗುಂಡಿ ನಗುವಂಥದ್ದೇ ಎಂದೆ.

ನನಗೆ ಅಳು ಬಂದಂತಾಯಿತು. ಆದರೂ ಒಳಗಿನ ಹುಳ ಸಾಯಲಿಲ್ಲ. ಕೇಸು ಹಾಕುವ ಯೋಚನೆ ಇದೆಯಾ ಅತ್ತೆ ಎಂದು ನೇರವಾಗಿ ಕೇಳಿದೆ. ನೀನು ಕೈ ನಿಲ್ಲಿಸಿದೆ. ಇಲ್ಲ ಎಂದು ಹೇಳಿದ್ದರೆ ನಾನು ನಂಬುತ್ತಿರಲಿಲ್ಲವೇನೋ. ನೀನು ಹೇಳಿದ್ದು ಬೇರೆ. ‘ಹಾಕ್ಬೇಕು ಅಂತ ಅನ್ಸಿತ್ತು, ಸುಳ್ಳು ಯಾಕೆ ಹೇಳ್ಲಿ. ನಿಮ್ಮಪ್ಪ ಸೈನ್ ಹಾಕಕ್ಕ ಅಂದ, ಹಾಕ್ದೆ. ನಿನಗೇನು ಬೇಕಕ್ಕ ಅಂತ ಒಂದು ಮಾತು ಕೇಳ್ಲಿಲ್ಲ.’

ಮನೆಗೆ ಬಂದು ರೆಕಾರ್ಡಿಂಗ್ ಕೇಳಿಸಿದೆ. ರಘುವಿಗೆ ಹಿಡಿಸಿದ್ದು ಒಂದೇ ಮಾತು: ಹಾಕಬೇಕು ಅನ್ನಿಸಿತ್ತು ಎಂದು ಅವಳೇ ಒಪ್ಪಿಕೊಂಡಳಲ್ಲ. ತಕ್ಷಣ ವಕೀಲರ ಹತ್ತಿರ ಹೋಗೋಣ ಎಂದ. ಅಪ್ಪ ಅವನನ್ನು ಸುಮ್ಮನಿರಿಸಿ ಇನ್ನೊಂದು ಸಲ ಹಾಕಿಸಿದ. ನಿನ್ನ ದನಿ ನಿಂತ ಮೇಲೂ ಫೋನನ್ನೇ ನೋಡುತ್ತಾ ಕೂತಿದ್ದ. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಅವನು, ‘ಬಾವಿ ಅಲ್ಲಿಲ್ಲ. ಅಕ್ಕ ತಪ್ಪು ಜಾಗದಲ್ಲಿ ಹಾಕ್ಸವ್ಳೆ’ ಎಂದ.

ಭಾನುವಾರ ಅಪ್ಪ ನಿನ್ನ ಬಾಗಿಲಿಗೆ ಬಂದದ್ದು ಅದಕ್ಕೇ. ನೀನು ನೋಡಿದ್ದು ಕೋಪದ ಮುಖ. ದಾರಿಯುದ್ದಕ್ಕೂ ಅವನು ಶರ್ಟಿನ ಗುಂಡಿ ಬಿಚ್ಚಿ ಹಾಕಿ ಮಾಡುತ್ತಿದ್ದುದು ನಿನಗೆ ಗೊತ್ತಿಲ್ಲ.

ಅಪಾರ್ಟ್‌ಮೆಂಟಿನಲ್ಲಿ ನಡೆದದ್ದನ್ನು ನಿನಗೆ ಹೇಳಬೇಕಾಗಿಲ್ಲ, ನೀನೇ ಇದ್ದೆ. ಆದರೆ ನಾನು ಹೇಗೆ ನೋಡಿದೆ ಎಂದು ಹೇಳುತ್ತೇನೆ. ಶಶಿಧರ್ ಅವರು ನಮ್ಮ ಹಿಂದೆಯೇ ಬಂದರು, ಎಲ್ಲಿ ಬೇಲಿ ಹಾಕಿಬಿಡುತ್ತೇವೋ ಎನ್ನುವ ಹಾಗೆ. ಸೆಕ್ಯೂರಿಟಿಯವನು ಅವರ ಹಿಂದೆ. ನೀನೂ ಅಪ್ಪನೂ ಮಕ್ಕಳ ಜಾರುಬಂಡೆಯ ಪಕ್ಕ ನಿಂತು, ಕಣ ಈ ಕಡೆ ಬಾವಿ ಆ ಕಡೆ ಎಂದು ಜಗಳಕ್ಕೆ ಬಿದ್ದಿರಿ. ಕೆರೆ ಯಾವ ಮಗ್ಗುಲಿಗಿತ್ತು, ಗಾಳಿಗೆ ಹೊಟ್ಟು ಎತ್ತ ಹಾರುತ್ತಿತ್ತು ಎಂದು ಕೈ ಬೀಸಿ ಬೀಸಿ ವಾದ ಮಾಡಿದಿರಿ. ಫ್ಲಾಟುಗಳಿಂದ ಜನ ಇಣುಕಿದರು. ಅಪ್ಪ ನಿನ್ನ ಮೊಣಕೈ ಹಿಡಿದುಕೊಂಡು ಪಾರ್ಕಿಂಗಿನ ಇಳಿಜಾರನ್ನೂ ದಾಟಿ ಕಾಂಪೌಂಡಿನ ಗೋಡೆಯ ತನಕ ನಡೆಸಿಕೊಂಡು ಹೋಗಿ, ಇಲ್ಲಿ ಎಂದು ಕಾಲಿನಿಂದ ತಟ್ಟಿದ. ನೀನು ಒಪ್ಪಲಿಲ್ಲ. ಒಪ್ಪದೆ ನಿಂತಿದ್ದ ನಿನ್ನನ್ನು ನೋಡುತ್ತಾ ಅವನ ದನಿ ಇಳಿಯಿತು.

‘ಅವತ್ತು ನಿನಗೆ ಏನು ಬೇಕಿತ್ತಕ್ಕ?’

ನಾನು ಏನು ನಿರೀಕ್ಷಿಸಿದ್ದೆ ಗೊತ್ತಾ? ನೀನು, ‘ಕೇಳಿದೆಯಲ್ಲ, ಅಷ್ಟು ಸಾಕು’ ಎಂದು ಕಣ್ಣೊರೆಸಿಕೊಳ್ಳುತ್ತೀಯ ಎಂದುಕೊಂಡಿದ್ದೆ. ರಘುವೂ ಹಾಗೇ ಅಂದುಕೊಂಡಿರಬೇಕು, ಯಾಕೆಂದರೆ ಅವನ ಮುಖ ಸಡಿಲವಾಗಿತ್ತು. ನೀನು ಸೆರಗು ಸರಿ ಮಾಡಿಕೊಂಡು, ‘ಒಂದು ಮನೆ. ಬಾಡಿಗೆ ಬರೋದು. ಧೃತಿ ಹೆಸರಿಗೆ’ ಎಂದೆ.

ಶಶಿಧರ್ ಅವರು, ಇದು ನಮ್ಮ ಕಾಂಪೌಂಡಿನ ವಿಷಯವಲ್ಲ ಎಂದು ಖಾತ್ರಿಯಾದ ಮೇಲೆ, ಮೊದಲ ಸಲ ನಕ್ಕರು. ಅಪ್ಪ ಹೂಂಗುಟ್ಟಿ, ನಮ್ಮ ಬಾಡಿಗೆ ಮನೆಗಳಲ್ಲಿ ಆ ಮೂಲೆ ಮನೆ ತಗೋ ಎಂದ. ಹಗುರಾಗಿಬಿಟ್ಟಿದ್ದ ಅವನು. ಕೇಳುವುದಕ್ಕೇ ಇಷ್ಟು ವರ್ಷ ಹೆದರಿದ್ದನೋ ಏನೋ, ಕೊಡುವುದಕ್ಕೆ ಒಂದು ಗಳಿಗೆ ಹಿಡಿಯಲಿಲ್ಲ. ಈ ವಾರ ವಕೀಲರ ಹತ್ತಿರ ಹೋಗಿಯೂ ಬಂದಿದ್ದಾನೆ. ರಘು ಮಾತ್ರ ಅವತ್ತಿನಿಂದ ನಮ್ಮ ಜೊತೆ ಕೂತು ಊಟ ಮಾಡಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಇಷ್ಟು. ಇನ್ನು ನನ್ನದೊಂದು ಪ್ರಶ್ನೆ. ಆ ರೆಕಾರ್ಡಿಂಗನ್ನು ನಾನು ಆಮೇಲೆ ಒಬ್ಬಳೇ ಕೇಳಿದೆ. ನನ್ನ ದನಿ ದೂರದಿಂದ ಬಂದಂತಿದೆ. ನಿನ್ನದು ಸ್ಪಷ್ಟ. ಅಪ್ಪ ಕೇಳಲಿಲ್ಲ ಎನ್ನುವ ಮಾತಿನ ಹೊತ್ತಿಗೆ ಇನ್ನೂ ಹತ್ತಿರ, ಟೀಪಾಯಿಯ ಮೇಲೆ ಬಗ್ಗಿ ಹೇಳಿದ ಹಾಗೆ. ಬೋರಲಾಗಿಟ್ಟ ಫೋನು ಏನು ಮಾಡುತ್ತಿದೆ ಎಂದು ನಿನಗೆ ಗೊತ್ತಿತ್ತಾ? ಹಾಗಾದರೆ ಸೀಗೆ ಮೆಳೆಯ ಕೆಳಗೆ ಅವ್ವನ ಮಾತು ಬರೆಸಿದ್ದು ಸುಮ್ಮನೆ ನೆನಪಾಗಿ ಬರೆಸಿದ್ದಾ, ಅಥವಾ ನಿನ್ನ ತಮ್ಮ ಒಬ್ಬನಿಗೇ ಅರ್ಥವಾಗಲಿ ಎಂದಾ? ಬಾವಿಯನ್ನು ತಪ್ಪು ಜಾಗದಲ್ಲಿ ಹಾಕಿಸಿದ್ದೂ ಮರೆತಲ್ಲ, ಅವನು ತಡೆಯಲಾರದೆ ಎದ್ದು ಬರಲಿ ಎಂದೇ ಇರಬಹುದಾ? ಧೃತಿ ಇದನ್ನು ಓದುವಾಗ ನಿನ್ನ ಮುಖ ನೋಡಬೇಕೆಂಬ ಆಸೆ ನನಗೆ. ನೀನು ಹೌದು ಅಂದರೂ ಇಲ್ಲ ಅಂದರೂ ನನ್ನ ಅನುಮಾನ ಹೋಗುವುದಿಲ್ಲ. ಹಾಗಂತ ನಿನ್ನ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ, ಜಾಸ್ತಿಯಾಗಿದೆ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ಮೊನ್ನೆ ಬೆಳಿಗ್ಗೆ ರಘು ಅಂಗಡಿಗೆ ಬಂದ. ಮಾತು ಬಿಟ್ಟವನು ತಾನಾಗಿ ಬಂದನಲ್ಲ ಎಂದು ಖುಷಿಯಿಂದ ಸ್ಟೂಲು ಹಾಕಿದೆ. ಕೂರಲಿಲ್ಲ. ಟೈಪು ಮಾಡಿಸಿದ ಕಾಗದವೊಂದನ್ನು ಮೇಜಿನ ಮೇಲಿಟ್ಟು, ಪೆನ್ನಿನ ಮುಚ್ಚಳ ತಾನೇ ತೆಗೆದು ಕೊಟ್ಟ. ‘ದಿವ್ಯಕ್ಕ, ಸುಮ್ನೆ ಒಂದು ಸೈನ್. ಮುಂದೆ ತಕರಾರು ಬೇಡ ಅಂತ ಅಷ್ಟೇ’ ಎಂದ.

ಕಳೆದ ವರ್ಷವಾಗಿದ್ದರೆ ನಾನು ಓದದೆ ಹಾಕಿರುತ್ತಿದ್ದೆ. ಕಾಗದವನ್ನು ಮಡಚಿ ಅವನ ಜೇಬಿಗೇ ಇಟ್ಟು, ‘ಅಪ್ಪ ಬಂದು ಕೇಳ್ಲಿ, ನನಗೇನು ಬೇಕು ಅಂತ’ ಎಂದೆ. ಅವನು ಬಹಳ ಹೊತ್ತು ನನ್ನ ಮುಖ ನೋಡಿದ. ನಾವು ಒಂದೇ ತೊಟ್ಟಿಲಲ್ಲಿ ಮಲಗಿದವರು ಅತ್ತೆ, ಹಾಗೆ ಅವನು ನನ್ನನ್ನು ಹಿಂದೆಂದೂ ನೋಡಿರಲಿಲ್ಲ. ಈಗ ಅವನಿಗೆ ನನ್ನ ಮೇಲೆ ಅನುಮಾನ. ಇರಲಿ.

ನಿನ್ನ ಮಂಡಿ ನೋವು ಇಳಿಯಲಿ. ಮೂಲೆ ಮನೆಯ ಒಲೆಯ ಮೇಲೆ ನಿನ್ನ ಕೈಯಿಂದಲೇ ಹಾಲು ಉಕ್ಕಲಿ. ಧೃತಿಗೆ ನನ್ನ ಮುತ್ತು, ನನ್ನ ತಲೆಯ ಮೇಲೆ ನಿನ್ನ ಕೈ.

ನಿನ್ನ ತಮ್ಮನ ಮಗಳು,
ದಿವ್ಯ