ಮುಖಪಟ್ಟಿಯ ಕೆಳಗಿನ ಗಾಯ

ಅಫಜಲಪುರ, ೧೨-೩-೧೯೮೬, ಬುಧವಾರ

ಅಣ್ಣನ ಮಗ ದೌಲತರಾಯ ಇಂದು ತನ್ನ ಗಂಡುಕುದುರೆಯನ್ನು ಜೇವರ್ಗಿಯವರ ಹೆಣ್ಣುಕುದುರೆಗೆ ಬಿಟ್ಟ. ಹುಟ್ಟಿದಾಗ ಈ ಗಂಡುಕುದುರೆಯ ಮೂತಿ ಸೊಟ್ಟಗಿತ್ತು. ಮೊಲೆ ಹಿಡಿಯಲಾಗದ ಮರಿಗೆ ನಾನೇ ಮೂರು ತಿಂಗಳು ಬಟ್ಟಲಲ್ಲಿ ಹಾಲು ಕುಡಿಸಿದ್ದೆ. ಆಮೇಲೆ ದನದ ಡಾಕ್ಟರು ಅದರದೇ ಪಕ್ಕೆಲುಬಿನ ತುಂಡು ಕೂಡಿಸಿ ಮೂತಿ ನೆಟ್ಟಗೆ ಮಾಡಿದರು. "ಇದರ ಮರಿಗೂ ಹಿಂಗ ಆಗಬಹುದು, ಬೀಜಕ್ಕ ಬಿಡಬ್ಯಾಡ್ರಿ" ಎಂದಿದ್ದರು. ದೌಲತರಾಯ ಒಪ್ಪಿದ್ದ, ಅವನ ಪರವಾಗಿ ಮಾತು ಕೊಟ್ಟವನು ನಾನು.

ಇಂದು ಅವನು ಗಾಯದ ಗುರುತು ಮುಚ್ಚುವಂತೆ ಕುದುರೆಗೆ ಕೆಂಪು ಮುಖಪಟ್ಟಿ ಕಟ್ಟಿದ್ದ. "ಡಾಕ್ಟರಿಗೆ ಏನ್ ಹೇಳಿದ್ದಿ, ನೆನಪದೇನೋ?" ಎಂದೆ.

"ಯಾವ ಡಾಕ್ಟರ್ರಿ ಕಾಕಾ? ಇದು ಹುಟ್ಟಿದ್ದೇ ಹಿಂಗ. ನಿಮಗ ಮರವು ಬಂದದ" ಎಂದು ಜೇವರ್ಗಿಯವರೆದುರೇ ನಕ್ಕ.

ಪಟ್ಟಿ ಕಿತ್ತು ತೋರಿಸಲೆಂದು ಕೈ ಚಾಚಿದೆ. ಹಾಲು ಬಂತೆಂದುಕೊಂಡ ಕುದುರೆ ಅಂಗೈಯಲ್ಲಿ ಮೂತಿ ಇಟ್ಟಿತು. ಕೀಳಲಾಗಲಿಲ್ಲ. ಡಾಕ್ಟರಿಗೆ ಬರೆಯಬೇಕು. ಮಾತಿಗೆ ತಪ್ಪಿದವನು ದೌಲತರಾಯನೆಂದೋ, ನಾನೆಂದೋ…